ಸರ್ಕಾರ ವೋಚರ್ ಕೊಟ್ರೆ ಬಡ ಮಕ್ಕಳಿಗೆ ಒಳ್ಳೆ ಸ್ಕೂಲ್ ಸಿಗುತ್ತಾ?

ಬರೀ ವೋಚರ್‌ನಿಂದ ಸಿಗಲ್ಲ. ವೋಚರ್ ಅಂದ್ರೆ ಅಪ್ಪ-ಅಮ್ಮ ಆರಿಸಿದ ಸ್ಕೂಲ್‌ಗೆ ಮಗು ಪರವಾಗಿ ಸರ್ಕಾರ ದುಡ್ಡು ಕಟ್ಟೋದು, ಆದ್ರೆ ಯಾರನ್ನ ಸೇರಿಸ್ಕೋಬೇಕು ಅಂತ ಸ್ಕೂಲೇ ಡಿಸೈಡ್ ಮಾಡೋ ಹಾಗಿದ್ರೆ ಆಯ್ಕೆ ಮಾಡ್ತಿರೋದು ಸ್ಕೂಲು, ಪೇರೆಂಟ್ಸ್ ಅಲ್ಲ.

ಚಿಲಿ ದೇಶನೇ ನೋಡಿ. 1981ರಲ್ಲಿ ದೇಶಪೂರ್ತಿ ವೋಚರ್ ತಂದ್ರು, ಸಾವಿರಕ್ಕೂ ಹೆಚ್ಚು ಪ್ರೈವೇಟ್ ಸ್ಕೂಲ್ ಹುಟ್ಕೊಂಡ್ವು, ಆದ್ರೆ ಎಷ್ಟೋ ಸ್ಕೂಲ್‌ಗಳು ಟೆಸ್ಟು, ಪೇರೆಂಟ್ಸ್ ಇಂಟರ್ವ್ಯೂ ಅಂತ ಇಟ್ಟು, ಆಮೇಲಾಮೇಲೆ ಎಕ್ಸ್‌ಟ್ರಾ ಫೀಸೂ ಕೇಳಿ ಅನುಕೂಲಸ್ಥರ ಮಕ್ಕಳನ್ನೇ ಆರಿಸ್ಕೊಂಡ್ವು. ಯಾಕಂದ್ರೆ ಮನೇಲಿ ಓದ್ಸೋರಿಲ್ಲದ ಮಗುವಿಗೆ ಕಲಿಸೋಕೆ ಖರ್ಚು, ಶ್ರಮ ಎರಡೂ ಜಾಸ್ತಿ, ವೋಚರ್ ದುಡ್ಡು ಮಾತ್ರ ಎಲ್ರಿಗೂ ಒಂದೇ, ಹಂಗಿದ್ಮೇಲೆ ಯಾವ ಸ್ಕೂಲು ಆ ಮಗುನ ಕರೀತದೆ ಹೇಳಿ.

ಹಂಗಂತ ಚಾಯ್ಸೇ ಬೇಡ ಅನ್ನೋದು ನಂಗೆ ಸರಿ ಕಾಣಲ್ಲ (ದುಡ್ಡಿರೋರು ಮನೆ ಬದಲಾಯಿಸಿಯಾದ್ರೂ ಬೇಕಾದ ಸ್ಕೂಲ್ ಹಿಡೀತಾರೆ). ಚಿಲಿಯವ್ರೂ ವೋಚರ್ ತೆಗೀಲಿಲ್ಲ, ರೂಲ್ಸ್ ಬದಲಾಯಿಸಿದ್ರು: 2008ರಲ್ಲಿ ಬಡ ಮಕ್ಕಳ ಹೆಸರಲ್ಲಿ ಸ್ಕೂಲ್‌ಗೆ ಹೆಚ್ಚು ದುಡ್ಡು ಕೊಡೋಕೆ ಶುರು ಮಾಡಿದ್ರು, 2015ರ ಕಾನೂನಲ್ಲಿ ಸರ್ಕಾರಿ ದುಡ್ಡು ತಗೊಳ್ಳೋ ಸ್ಕೂಲ್‌ಗಳು ಹಂಗೆ ಮಕ್ಕಳನ್ನ ಆರಿಸೋದಕ್ಕೆ ತಡೆ ಹಾಕಿದ್ರು, ಎಕ್ಸ್‌ಟ್ರಾ ಫೀಸನ್ನ ಹಂತಹಂತವಾಗಿ ನಿಲ್ಲಿಸೋಕೆ ಹೊರಟ್ರು, ಈಗ ಸೀಟ್ ಕಮ್ಮಿ ಬಿದ್ರೆ ಲಾಟರಿ.