ಪಿಯುಸಿಯಲ್ಲಿ ಬಯಾಲಜಿ ತಗೊಂಡಿರಲಿಲ್ಲ, ಈಗ ಎಂಬಿಬಿಎಸ್ ಸೇರಬಹುದಾ?

ಸಿಂಧನೂರಿನವರು ನೀವು. ಪಿಯುಸಿಯಲ್ಲಿ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ಮಾಡಿದ್ದೀರಿ, ಬಯಾಲಜಿ ಲ್ಯಾಬಿನ ಮುಖ ನೋಡಿಲ್ಲ. ನೀಟ್ ಬರೆಯೋಕೆ ಮತ್ತೆ ಎರಡು ವರ್ಷ ಪಿಯುಸಿ ಓದಬೇಕಾ ಅಂತ ಕೇಳಿದ್ದೀರಿ. ಬೇಡ.

ನಾನು ಗಂಗಾವತಿಯಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ರಿಸಲ್ಟ್ ಬಂದ ಮೇಲೆ ಇದೇ ಪ್ರಶ್ನೆ ಹಿಡಿದು ಯಾರಾದರೂ ಬಂದೇ ಬರುತ್ತಾರೆ. ಮೊದಲೆಲ್ಲ 11 ಮತ್ತು 12ನೇ ತರಗತಿ ಎರಡರಲ್ಲೂ ಪ್ರಾಕ್ಟಿಕಲ್ ಸಮೇತ ಬಯಾಲಜಿ ಓದಿರಬೇಕು ಅಂತಿತ್ತು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಸಡಿಲ ಮಾಡಿತು. ಈಗ 12ನೇ ತರಗತಿ ಮುಗಿದ ಮೇಲೆ, ಮಾನ್ಯತೆ ಇರುವ ಬೋರ್ಡಿನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ನಡೆಯುತ್ತದೆ. ವಿದೇಶದಲ್ಲಿ ಎಂಬಿಬಿಎಸ್ ಮಾಡುವವರಿಗೂ ಇದೇ ನಿಯಮ.

ನಿಮ್ಮಂಥವರಿಗೆ ಎನ್‌ಐಒಎಸ್, ಅಂದ್ರೆ ರಾಷ್ಟ್ರೀಯ ಮುಕ್ತ ಶಾಲೆಯೇ ಸುಲಭ. ಬಯಾಲಜಿ ಒಂದನ್ನೇ ತಗೊಳ್ಳಬಹುದು, ವಿಷಯದ ಕೋಡ್ 314. ಪರೀಕ್ಷೆ ವರ್ಷಕ್ಕೆ ಎರಡು ಸಲ: ಏಪ್ರಿಲ್-ಮೇ, ಆಮೇಲೆ ಅಕ್ಟೋಬರ್-ನವೆಂಬರ್. ನೀಟ್ ಬರುವುದು ಮೇ ತಿಂಗಳಲ್ಲಿ. ಆದ್ದರಿಂದ ನಾನಂತೂ ಅಕ್ಟೋಬರ್ ಪರೀಕ್ಷೆಗೇ ಕೂರಿ ಅನ್ನುತ್ತೇನೆ.

ಈಗ ಲ್ಯಾಬ್ ವಿಷಯ. ಫಿಸಿಕ್ಸ್, ಕೆಮಿಸ್ಟ್ರಿ ಪ್ರಾಕ್ಟಿಕಲ್ ನಿಮಗೆ ಪಿಯುಸಿಯಲ್ಲೇ ಆಗಿದೆ, ಚಿಂತೆ ಬೇಡ. ಎನ್‌ಐಒಎಸ್ ಬಯಾಲಜಿಯಲ್ಲಿ ಥಿಯರಿಗೆ 80 ಅಂಕ, ಪ್ರಾಕ್ಟಿಕಲ್‌ಗೆ 20. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ. ಕೋಚಿಂಗ್‌ನಲ್ಲಿ ದಿನವಿಡೀ ಎಂಸಿಕ್ಯು ಬಿಡಿಸುತ್ತಾರೆ, ಮೈಕ್ರೋಸ್ಕೋಪ್ ಮುಟ್ಟಿರುವುದಿಲ್ಲ. ದುಡ್ಡು ಕಟ್ಟುವ ಮೊದಲೇ ಅಧ್ಯಯನ ಕೇಂದ್ರಕ್ಕೆ ಹೋಗಿ, ಲ್ಯಾಬ್ ತೋರಿಸಿ ಅಂತ ಕೇಳಿ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಅವರೇ ಹುಡುಕಾಡಿದರೆ ಬೇರೆ ಕೇಂದ್ರ ನೋಡಿಕೊಳ್ಳಿ.

ಕೈಗೆ ರೂಢಿ ಆಗಬೇಕು, ಅಷ್ಟೇ. ಉಳ್ಳಾಗಡ್ಡಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ತೋರಿಸುವ ಪ್ರಯೋಗವನ್ನೇ ತಗೊಳ್ಳಿ. ನೀರು ತುಂಬಿದ ಬಾಟಲಿಯ ಬಾಯಿ ಮೇಲೆ, ಬುಡ ನೀರಿಗೆ ತಾಗುವ ಹಾಗೆ ಉಳ್ಳಾಗಡ್ಡಿ ಇಡುವುದು ಮನೆಯಲ್ಲೇ ಆಗುತ್ತದೆ. ಬೇರು ಬಂದ ಮೇಲೆ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ತುದಿ ಕತ್ತರಿಸಬೇಕು, ಆಗ ವಿಭಜನೆ ಜಾಸ್ತಿ ಇರುತ್ತದೆ. ಕೋಶಕ್ಕೆ ಬಣ್ಣ ಕೊಡುವ ಅಸಿಟೊಕಾರ್ಮಿನ್ ಹಾಕಿ, ಸ್ವಲ್ಪ ಬೆಚ್ಚಗೆ ಮಾಡಿ, ಕವರ್‌ಸ್ಲಿಪ್ ಮೇಲೆ ಹೆಬ್ಬೆರಳಿನಿಂದ ಒತ್ತಬೇಕು. ಜೋರಾಗಿ ಒತ್ತಿದರೆ ಗಾಜು ಒಡೆಯುತ್ತದೆ, ಹಗುರವಾಗಿ ಒತ್ತಿದರೆ ಕೋಶಗಳು ಒಂದರ ಮೇಲೊಂದು ಕೂತು ಏನೂ ಕಾಣುವುದಿಲ್ಲ. ಯೂಟ್ಯೂಬ್ ನೋಡಿ ಇದು ಬರಲ್ಲ. ಪರಿಚಯದ ಪಿಯು ಲೆಕ್ಚರರ್ ಇದ್ದರೆ ರಜೆಯಲ್ಲಿ ಒಂದೆರಡು ದಿನ ಲ್ಯಾಬ್ ತೆಗೆಸಿಕೊಡಿ ಅಂತ ಕೇಳಿ. ಬಹಳಷ್ಟು ಜನ ಇಲ್ಲ ಅನ್ನುವುದಿಲ್ಲ.

‘ಪ್ರಾಕ್ಟಿಕಲ್ ನಾವು ನೋಡ್ಕೊಳ್ತೀವಿ, ನೀವು ಬರೋದೇ ಬೇಡ’ ಅನ್ನುವ ಏಜೆಂಟರೂ ಸಿಗುತ್ತಾರೆ. ಹತ್ತಿರ ಸೇರಿಸಬೇಡಿ. ಸೀಟು ಸಿಕ್ಕ ಮೇಲೆ ಅಂಕಪಟ್ಟಿ ನಕಲಿ ಅಂತ ಗೊತ್ತಾದರೆ ಸೀಟೂ ಹೋಗುತ್ತದೆ, ಕೇಸೂ ಬೀಳುತ್ತದೆ. ಅಂಕಪಟ್ಟಿ ಬಂದಾಗ ಪ್ರಾಕ್ಟಿಕಲ್ ಅಂಕ ಬೇರೆಯಾಗಿ ಕಾಣುತ್ತಿದೆಯಾ ಅಂತ ನೋಡಿಕೊಳ್ಳಿ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಜನರಲ್‌ನವರಿಗೆ ಶೇ. 50, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ ಶೇ. 40 ಇರಬೇಕು. ಬಯಾಲಜಿಯಲ್ಲಿ ಸುಮ್ನೆ ಪಾಸಾದರೆ ಲೆಕ್ಕ ತಪ್ಪಬಹುದು.

ನೀವು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. 371(ಜೆ) ಸರ್ಟಿಫಿಕೇಟ್, ಅಂದ್ರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ ಪ್ರಮಾಣಪತ್ರ, ಈಗಲೇ ಮಾಡಿಸಿಡಿ. ರಾಯಚೂರು, ಕೊಪ್ಪಳ, ಬಳ್ಳಾರಿ ಸರ್ಕಾರಿ ಮೆಡಿಕಲ್ ಕಾಲೇಜುಗಳ ರಾಜ್ಯ ಕೋಟಾದಲ್ಲಿ ಶೇ. 70 ನಮ್ಮ ಭಾಗದವರಿಗೇ ಇದೆ. ನಿಮಗೆ ಅದು ಲಿಂಗಸುಗೂರು ಎಸಿ (ಸಹಾಯಕ ಆಯುಕ್ತರ) ಆಫೀಸಿನಲ್ಲಿ ಆಗಬೇಕು, ಕೌನ್ಸೆಲಿಂಗ್ ಶುರುವಾದ ಮೇಲೆ ಹೋದರೆ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ.