ಸೌರಮಾರುತದ ಗಡಿಗಳು

ಪ್ರಶ್ನೆ: ಸೌರಮಾರುತವು, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹವು, ಭೂಮಿಯ ಬಳಿ ಒಂದು ಗಡಿಯಲ್ಲಿ ತಡೆಯಲ್ಪಡುತ್ತದೆ ಎಂದು ಓದಿದ್ದೇನೆ. ಬಹುಪಾಲು ಬರಿದಾಗಿರುವ ಬಾಹ್ಯಾಕಾಶದಲ್ಲಿ ಗಡಿ ಹೇಗೆ ಏರ್ಪಡುತ್ತದೆ? ತಮ್ಮದೇ ಕಾಂತಕ್ಷೇತ್ರವಿಲ್ಲದ ಶುಕ್ರ, ಚಂದ್ರರ ಬಳಿಯೂ ಅದು ಇದೆಯೇ?

ಉತ್ತರ: ಎರಡು ಕಡೆಯ ಒತ್ತಡಗಳು ಸರಿದೂಗುವ ಜಾಗವೇ ಇಲ್ಲಿ ಗಡಿ. ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಹರಿಯುವ ಸೌರಮಾರುತವು ಭೂಮಿಯ ಸಮೀಪ ಎಷ್ಟು ವಿರಳವೆಂದರೆ, ಒಂದು ಘನ ಸೆಂಟಿಮೀಟರಿನಲ್ಲಿ ಸಾಮಾನ್ಯವಾಗಿ ಐದಾರು ಪ್ರೋಟಾನ್‌ಗಳಷ್ಟೇ ಇರುತ್ತವೆ. ಅವು ಒಂದಕ್ಕೊಂದು ಡಿಕ್ಕಿ ಹೊಡೆಯುವುದೂ ತೀರಾ ಅಪರೂಪ. ಆದರೆ ವಿದ್ಯುದಾವೇಶವುಳ್ಳ ಈ ಕಣಗಳು ಸೂರ್ಯನ ಕಾಂತಕ್ಷೇತ್ರವನ್ನು ತಮ್ಮೊಂದಿಗೇ ಹೊತ್ತು ತರುವುದರಿಂದ, ಭೂಮಿಯ ಕಾಂತಕ್ಷೇತ್ರದೊಳಕ್ಕೆ ಸಲೀಸಾಗಿ ನುಗ್ಗಲಾರವು. ಡಿಕ್ಕಿಗಳು ಮಾಡಬೇಕಾದ ಕೆಲಸವನ್ನು ಕಾಂತಕ್ಷೇತ್ರವೇ ಮಾಡುತ್ತದೆ ಎಂಬುದು ಈ ವಿಷಯದ ಅತ್ಯಂತ ಸೊಗಸಾದ ಅಂಶವೆಂದು ನನ್ನ ಭಾವನೆ.

ಈ ಗಡಿ ಸೂರ್ಯನ ಕಡೆಗೆ ಭೂಕೇಂದ್ರದಿಂದ ಸುಮಾರು 10 ಭೂತ್ರಿಜ್ಯಗಳಷ್ಟು, ಅಂದರೆ ಅಂದಾಜು 64,000 ಕಿಲೋಮೀಟರ್ ದೂರದಲ್ಲಿದೆ. ಮಾರುತದ ಒತ್ತಡ ಹೆಚ್ಚಿದಾಗ ಅದು ಒಳಸರಿಯುತ್ತದೆ. ಪ್ರಬಲ ಸೌರಬಿರುಗಾಳಿಗಳಲ್ಲಿ ಭೂಸ್ಥಿರ ಉಪಗ್ರಹಗಳೂ ಗಡಿಯಾಚೆ ಉಳಿದುಬಿಡುವುದುಂಟು. ಮಾರುತದ ವೇಗವು ಅದರಲ್ಲಿ ಸಾಗಬಲ್ಲ ಅಲೆಗಳ ವೇಗಕ್ಕಿಂತ ಹೆಚ್ಚಾಗಿರುವುದರಿಂದ, ಮುಂದೆ ಅಡ್ಡಿಯಿದೆಯೆಂಬ ಸೂಚನೆ ಅದಕ್ಕೆ ಮೊದಲೇ ತಲುಪುವುದಿಲ್ಲ. ಆದ್ದರಿಂದ ಗಡಿಗಿಂತ ಮುಂದೆಯೇ ಒಂದು ಆಘಾತ ತರಂಗ ಏರ್ಪಟ್ಟು, ಮಾರುತ ಅಲ್ಲಿ ಥಟ್ಟನೆ ನಿಧಾನಗೊಂಡು, ಬಿಸಿಯಾಗಿ, ಪಕ್ಕಕ್ಕೆ ತಿರುಗುತ್ತದೆ.

ಶುಕ್ರನಿಗೆ ವಾತಾವರಣದ ಮೇಲ್ಪದರವೇ ಆಸರೆ. ಸೂರ್ಯಕಿರಣಗಳಿಂದ ಅಯಾನೀಕರಣಗೊಂಡ (ಅಂದರೆ ಕಣಗಳು ವಿದ್ಯುದಾವೇಶ ಪಡೆದ) ಆ ಪದರದಲ್ಲಿ ವಿದ್ಯುತ್ ಪ್ರವಾಹಗಳು ಹುಟ್ಟಿ ಮಾರುತವನ್ನು ತಡೆಯುತ್ತವೆಯಾದರೂ, ಗಡಿ ನೆಲದಿಂದ ಕೆಲವೇ ನೂರು ಕಿಲೋಮೀಟರ್ ಮೇಲಿರುತ್ತದೆ. ಚಂದ್ರನಿಗೆ ಅಂಥ ಕಾಂತಕ್ಷೇತ್ರವೂ ಇಲ್ಲ, ಅಂಥ ವಾತಾವರಣವೂ ಇಲ್ಲ. ಅಲ್ಲಿ ಮಾರುತ ನೇರವಾಗಿ ನೆಲಕ್ಕೆ ಬಡಿದು ಮಣ್ಣಿನಲ್ಲಿ ಸೇರುತ್ತದೆ. ಚಂದ್ರನ ಹಿಂದೆ ಕಣಗಳು ವಿರಳವಾದ ಟೊಳ್ಳೊಂದು ಉಳಿಯುತ್ತದೆ.

ಸೌರಮಾರುತದ ಕೊನೆಯ ಗಡಿ ಅಂತರತಾರಾ, ಅಂದರೆ ನಕ್ಷತ್ರಗಳ ನಡುವಿನ, ಅನಿಲದೊಂದಿಗೆ. ವಾಯೇಜರ್ 1 ನೌಕೆ ಅದನ್ನು ದಾಟಿದ್ದು 2012ರ ಆಗಸ್ಟ್ 25ರಂದು, ಸೂರ್ಯ–ಭೂಮಿ ಅಂತರದ ಸುಮಾರು 122 ಪಟ್ಟು ದೂರದಲ್ಲಿ. ಪ್ಲಾಸ್ಮಾವನ್ನು (ವಿದ್ಯುದಾವೇಶವುಳ್ಳ ಕಣಗಳ ಅನಿಲವನ್ನು) ಅಳೆಯುವ ಅದರ ಉಪಕರಣ 1980ರಲ್ಲೇ ನಿಂತುಹೋಗಿದ್ದರಿಂದ, ಸೌರಸ್ಫೋಟವೊಂದು ಎಬ್ಬಿಸಿದ ಕಂಪನಗಳ ಆವರ್ತಾಂಕದಿಂದ ಸುತ್ತಲಿನ ಸಾಂದ್ರತೆಯನ್ನು ಲೆಕ್ಕಹಾಕಬೇಕಾಯಿತು. ಅದು ಒಳಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಿತ್ತು. 2018ರ ನವೆಂಬರ್ 5ರಂದು ವಾಯೇಜರ್ 2 ಅದೇ ಗಡಿಯನ್ನು ದಾಟಿದಾಗ ಅದರ ಉಪಕರಣ ಇನ್ನೂ ಕೆಲಸ ಮಾಡುತ್ತಿತ್ತು, ಸೌರಮಾರುತದ ಕಣಗಳು ಥಟ್ಟನೆ ಕುಸಿದದ್ದನ್ನು ಅದು ನೇರವಾಗಿ ದಾಖಲಿಸಿತು.