ಹೊಸ ಕ್ಷೌರದ ಕತ್ತಿ ಕೂದಲನ್ನು ಕೀಳುತ್ತಿದೆ, ತಪ್ಪು ಕೈಯದೋ ಕತ್ತಿಯದೋ?

ಜರ್ಮನಿಯ ಸೋಲಿಂಗೆನ್‌ನಿಂದ ಮಡಚುವ ಕತ್ತಿ ತರಿಸಿದ್ದೀರಿ, ಅದು ಕತ್ತರಿಸುವ ಬದಲು ಕೀಳುತ್ತಿದೆ, ಸಾಣೆ ಹಿಡಿಸಬೇಕೇ ಎಂದು ಕೇಳಿದ್ದೀರಿ. ನನ್ನ ಅನುಮಾನ ಕತ್ತಿಯ ಮೇಲೆಯೇ. ಅನೇಕ ಹೊಸ ಕತ್ತಿಗಳು ಕಾಗದ ಸೀಳುವಷ್ಟು ಹರಿತವಾಗಿ ಬರುತ್ತವೆ, ಗಡ್ಡಕ್ಕೆ ಅಷ್ಟು ಸಾಲದು. ಅಲಗನ್ನು ಮುಂಗೈಯ ಚರ್ಮಕ್ಕೆ ತಾಗಿಸದೆ, ಕೂದಲಿನ ತುದಿಯ ಮೇಲಷ್ಟೇ ಸಾಗಿಸಿ ನೋಡಿ. ತುದಿಗಳು ತಾವಾಗಿ ಉದುರದಿದ್ದರೆ ಸಾಣೆ ಬೇಕೇ ಬೇಕು.

ಆದರೆ ಸೈಕಲ್ ಮೇಲೆ ಸಾಣೆಚಕ್ರ ಕಟ್ಟಿಕೊಂಡು ಬೀದಿಗೆ ಬರುವವರ ಕೈಗೆ ಮಾತ್ರ ಕೊಡಬೇಡಿ. ಈಳಿಗೆಗೆ, ಕತ್ತರಿಗೆ ಅವರು ಸರಿ. ಈ ಅಲಗಿನ ಅಂಚು ಚಕ್ರದ ಬಿಸಿಗೇ ಹದ ಕಳೆದುಕೊಳ್ಳುತ್ತದೆ. ಕ್ಷೌರದ ಕತ್ತಿಯನ್ನು ಚಪ್ಪಟೆ ಕಲ್ಲಿನ ಮೇಲೆ, ಬೆನ್ನು ಮತ್ತು ಅಂಚು ಎರಡೂ ತಾಗುವಂತೆ ಮಲಗಿಸಿ, ಅಂಚು ಮುಂದಾಗಿ ಉಜ್ಜಬೇಕು. ಕೋನವನ್ನು ನೀವು ಅಂದಾಜು ಮಾಡಬೇಕಾಗಿಲ್ಲ, ಬೆನ್ನಿನ ದಪ್ಪವೇ ಅದನ್ನು ನಿರ್ಧರಿಸುತ್ತದೆ. ಅಂಚು ಕಟ್ಟಲು 1000 ಗ್ರಿಟ್ ಕಲ್ಲು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ), ನಂತರ 4000, 8000, ಕೊನೆಯ ನಯಕ್ಕೆ 12000. ಮೊದಲ ಸಲ ಇದನ್ನು ಬಲ್ಲವರಿಂದ ಮಾಡಿಸಿಕೊಳ್ಳುವುದೇ ಮೇಲು, ಹರಿತವಾದ ಅಂಚು ಹೇಗಿರುತ್ತದೆಂದು ಕೆನ್ನೆಗೆ ಗೊತ್ತಾಗಲಿ.

ಆಮೇಲೆ ತಿಂಗಳುಗಟ್ಟಲೆ ಕಲ್ಲಿನ ಕೆಲಸವಿಲ್ಲ. ಅಲ್ಲಿಂದ ಮುಂದೆ ಎಲ್ಲವೂ ಅಲಗನ್ನು ಸವರಿ ಅಂಚು ಸರಿಮಾಡುವ ಚರ್ಮದ ಪಟ್ಟಿಯ (ಸ್ಟ್ರಾಪ್) ಮೇಲೆ ನಿಂತಿದೆ, ಹೆಚ್ಚಿನವರು ಅಸಡ್ಡೆ ಮಾಡುವುದೂ ಅದನ್ನೇ. ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಅಲಗಿನ ಅಂಚನ್ನು ಹೇಗೆ ಚಕ್ಕೆ ಎಬ್ಬಿಸುತ್ತದೆ ಎಂಬುದನ್ನು ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿದರು. ಪಟ್ಟಿಯಿಂದ ಚಕ್ಕೆ ತುಂಬುವುದಿಲ್ಲ, ಬಾಗಿದ ಅಂಚು ನೆಟ್ಟಗಾಗುತ್ತದೆ, ಅಷ್ಟೇ. ದಿನನಿತ್ಯಕ್ಕೆ ಅಷ್ಟು ಸಾಕು.

ಪಟ್ಟಿಯನ್ನು ಜೋತುಬೀಳದಂತೆ ಬಿಗಿಯಾಗಿ ಎಳೆದು ಹಿಡಿಯಿರಿ. ಇಲ್ಲಿ ದಿಕ್ಕು ಕಲ್ಲಿಗೆ ವಿರುದ್ಧ: ಬೆನ್ನು ಮುಂದೆ, ಅಂಚು ಹಿಂದೆ. ತುದಿ ತಲುಪಿದಾಗ ಕತ್ತಿಯನ್ನು ಎತ್ತದೆ ಬೆನ್ನಿನ ಮೇಲೆಯೇ ಹೊರಳಿಸಿ ವಾಪಸು ತನ್ನಿ. ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿಯೂ ಸೀಳುತ್ತದೆ, ಅಂಚೂ ಮೊಂಡಾಗುತ್ತದೆ. ಕೈಭಾರ ಬೇಡ, ಕತ್ತಿಯ ತೂಕವೇ ಸಾಕು. ಮೊದಲು ಪಟ್ಟಿಯ ಬಟ್ಟೆಯಿರುವ ಬದಿಯಲ್ಲಿ ಇಪ್ಪತ್ತು ಮೂವತ್ತು ಸುತ್ತು, ನಂತರ ಚರ್ಮದ ಮೇಲೆ ಐವತ್ತರ ಆಸುಪಾಸು, ಪ್ರತಿ ಕ್ಷೌರಕ್ಕೂ ಮುಂಚೆ. ವೇಗ ತೋರಿಸುವ ಹುಮ್ಮಸ್ಸನ್ನು ಸಿನಿಮಾದವರಿಗೆ ಬಿಡಿ.

ಕ್ಷೌರಕ್ಕೆ ಬಿಸಿನೀರಿನ ಸ್ನಾನ ಮುಗಿದ ಹೊತ್ತೇ ಸರಿ, ಕೂದಲು ಮೆತ್ತಗಾಗಿರುತ್ತದೆ. ನೊರೆ ದಟ್ಟವಾಗಿ, ಒದ್ದೆಯಾಗಿರಲಿ. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು, ಸುಮಾರು 30 ಡಿಗ್ರಿ ಕೋನದಲ್ಲಿ, ಕೂದಲು ಬೆಳೆದ ದಿಕ್ಕಿಗೇ ಚಿಕ್ಕ ಚಿಕ್ಕದಾಗಿ ಎಳೆಯಿರಿ. ಅಲಗನ್ನು ಅಡ್ಡಕ್ಕೆ ಜಾರಿಸಿದರೆ ರಕ್ತ ಖಚಿತ. ಮೊದಮೊದಲು ಕೆನ್ನೆಗಳಷ್ಟೇ ಸಾಕು, ಗಲ್ಲ ಮತ್ತು ಮೇಲ್ತುಟಿಯನ್ನು ಹಳೆಯ ರೇಜರ್‌ನಿಂದ ಮುಗಿಸಿ. ಅರ್ಧ ಬ್ಲೇಡ್ ಸಿಕ್ಕಿಸುವ ಸಲೂನ್ ಕತ್ತಿಯಲ್ಲಿ ಕಲಿಯಿರಿ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ಹಗುರ, ಸಣ್ಣ ತಪ್ಪನ್ನೂ ಕ್ಷಮಿಸುವುದಿಲ್ಲ, ಪಟ್ಟಿಯ ಅಭ್ಯಾಸವನ್ನಂತೂ ಕಲಿಸುವುದೇ ಇಲ್ಲ.

ಮುಗಿದ ಮೇಲೆ ತೊಳೆದು, ಬೆನ್ನಿನಿಂದ ಅಂಚಿನ ಕಡೆಗೆ ಒರೆಸಿ, ಪೂರ್ತಿ ಒಣಗಿದ ಬಳಿಕವೇ ಮಡಚಿ. ಕಾರ್ಬನ್ ಉಕ್ಕಾದರೆ ಹಿಡಿಯೊಳಗೆ ಉಳಿದ ಒಂದು ಹನಿ ನೀರಿಗೂ ತುಕ್ಕು ಹಿಡಿಯುತ್ತದೆ. ಮಂಗಳೂರು, ಉಡುಪಿ ಕಡೆಯವರಾದರೆ ಮಳೆಗಾಲದಲ್ಲಿ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ತೊಟ್ಟು ಸವರಿ, ಸ್ನಾನದ ಮನೆಯಲ್ಲಿ ಇಡದೆ ಬೀರುವಿನಲ್ಲಿಡಿ.

ಪಟ್ಟಿಗೆ ಎಷ್ಟು ಹಾಕಿದರೂ ಮತ್ತೆ ಕೀಳಲು ಶುರುವಾದ ದಿನ ಕಲ್ಲನ್ನು ಹೊರತೆಗೆಯಿರಿ. 1000ಕ್ಕೆ ಇಳಿಯಬೇಡಿ, ಅಂಚಿನಲ್ಲಿ ಚಕ್ಕೆ ಕಾಣದಿದ್ದರೆ 12000 ಒಂದರಲ್ಲೇ ಸಾಮಾನ್ಯವಾಗಿ ಕೆಲಸ ಆಗುತ್ತದೆ.